ಹನ್ನೆರಡು ನಿಮಿಷದ ಮೇಷ್ಟ್ರು

ಕೆಡುವುದಕ್ಕೆ ಶುರುವಾದದ್ದು ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆ ಸಮಯ ನನ್ನ ತಂಗಿಯ ರಕ್ತದ ರಿಪೋರ್ಟಿನ ಮೂಲೆಯಲ್ಲಿ ನೀಲಿ ಇಂಕಿನಲ್ಲಿದೆ, ಮೇಷ್ಟ್ರ ದುಂಡು ಕೈಬರಹದಲ್ಲಿ. ರಕ್ತ ತೆಗೆದ ಸಮಯವೂ ಇದೆ: ಹತ್ತು ಐವತ್ತೆಂಟು. ಎರಡನ್ನೂ ತಪ್ಪದೆ ಬರೆಯಬೇಕೆಂದು ನಮಗೆಲ್ಲ ಕಲಿಸಿದವರು ಅವರೇ. ನಡುವೆ ಹನ್ನೆರಡು ನಿಮಿಷ. ಈಗಲೂ ಒಲೆಯ ಮೇಲೆ ಕುಕ್ಕರ್ ಇಟ್ಟರೆ ಗಡಿಯಾರ ನೋಡುತ್ತೇನೆ. ಹನ್ನೆರಡು ನಿಮಿಷದಲ್ಲಿ ಅನ್ನ ಆಗುತ್ತದೆ. ರಕ್ತದ ಬಿಳಿಕಣಗಳ ಎಣಿಕೆ ಆಗುವುದಿಲ್ಲ.

ಮೇಷ್ಟ್ರು ತೀರಿಕೊಂಡು ಒಂದು ತಿಂಗಳಾಯಿತು. ಅವರ ಶಿಷ್ಯರೆಲ್ಲ ಸೇರಿ ನೆನಪಿನ ಪುಸ್ತಕ ತರುತ್ತಿದ್ದಾರೆ. ಮಾಗಡಿಯಲ್ಲಿ ಸ್ವಂತ ಲ್ಯಾಬ್ ಇಟ್ಟಿರುವ ಶಿಷ್ಯನೊಬ್ಬ ಫೋನ್ ಮಾಡಿದ.

"ಅಕ್ಕ, ನೀವೂ ಎರಡು ಪೇಜು ಬರ್ಕೊಡಿ. ಮೇಷ್ಟ್ರಿಗೆ ನೀವಂದ್ರೆ ಪ್ರಾಣ ಅಲ್ವಾ? ಹೆಸ್ರು ಗಿಸ್ರು ಬೇಡ, ಎಲ್ರೂ 'ನಮ್ಮ ಮೇಷ್ಟ್ರು' ಅಂತ್ಲೇ ಬರೀತಾವ್ರೆ."

"ನಾನು ಬರೆದರೆ ನೀವು ಹಾಕಲ್ಲ."

"ಏನಕ್ಕ ಹಂಗಂತೀರಾ! ನಿಮ್ದೇ ಮೊದಲ್ನೇದು."

ಸರಿ, ಬರೆಯುತ್ತಿದ್ದೇನೆ. ಮೊದಲನೆಯದಾಗಿ ಹಾಕಲಿ.

ಚನ್ನಪಟ್ಟಣದ ಹಳೆ ಪೇಟೆಯ ಒಂದು ಮಹಡಿಯ ಮೇಲೆ ಮೇಷ್ಟ್ರ ಲ್ಯಾಬ್ ಇತ್ತು. ಬಿ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತಿದ್ದ ನಾನು ಅಲ್ಲಿ ಎರಡು ವರ್ಷ ಇದ್ದೆ. ಆಮೇಲೆ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆದೆ. ರಾಮನಗರ, ಕನಕಪುರ, ಮಾಗಡಿ, ಎಲ್ಲಿಯ ಲ್ಯಾಬಿಗೆ ಹೋದರೂ ಸೂಜಿ ಹಿಡಿದು ಕೂತವರಲ್ಲಿ ಒಬ್ಬರಾದರೂ ಅವರ ಕೈಯಲ್ಲಿ ಪಳಗಿದವರು. ಬಿಳಿ ಅರ್ಧತೋಳಿನ ಶರಟು, ಕಿಸೆಯಲ್ಲಿ ಪೆಪ್ಪರ್‌ಮಿಂಟು, ಸ್ಲೈಡಿಗೆ ಹಾಕುವ ಬಣ್ಣ ಹತ್ತಿ ಹತ್ತಿ ಶಾಶ್ವತವಾಗಿ ನೀಲಿಯಾದ ಬಲಗೈ ಹೆಬ್ಬೆಟ್ಟು. ಒಂದು ಕಣ್ಣು ಮುಚ್ಚಿ ಸ್ಲೈಡನ್ನು ಟ್ಯೂಬ್‌ಲೈಟಿಗೆ ಹಿಡಿದರೆ, ಅಕ್ಕಸಾಲಿಗ ಮೂಗುಬೊಟ್ಟಿನ ಕಲ್ಲು ನೋಡಿದ ಹಾಗೆ ಕಾಣುತ್ತಿತ್ತು.

ಅವರಿಗೆ ಪದಗಳ ಹುಚ್ಚು. ರೋಗದ ಹೆಸರುಗಳನ್ನು ಹುರುಳಿಕಾಯಿ ಮುರಿದಂತೆ ಮುರಿದು ಮುಂದಿಡುತ್ತಿದ್ದರು.

"ಲ್ಯೂಕೋ ಅಂದ್ರೆ ಬಿಳಿ. ಪೀನಿಯಾ ಅಂದ್ರೆ ಬಡತನ. ಲ್ಯೂಕೋಪೀನಿಯಾ, ಬಿಳಿಕಣಕ್ಕೆ ಬಡತನ. ಬೆಂಗ್ಳೂರಿನ ಪೀಣ್ಯ ಅಲ್ಲ ಕಣಮ್ಮಿ, ಅಲ್ಲಿಗ್ ಬಸ್ ಹತ್ಬುಟ್ಟೀಯ!"

ಐಟಿಸ್ ಅಂದರೆ ಉರಿ. "ಟಾನ್ಸಿಲ್‌ಗೆ ಹಚ್ಚು, ಟಾನ್ಸಿಲೈಟಿಸ್. ಅಪೆಂಡಿಕ್ಸ್‌ಗೆ ಹಚ್ಚು, ಅಪೆಂಡಿಸೈಟಿಸ್. ನಮ್ ಮನೇಲಿ ನಮ್ಮವ್ವಂಗೂ ಹೆಂಡ್ರಿಗೂ ಇರೋದು ಅತ್ತೈಟಿಸ್." ಹೆಂಡತಿ ಒಳಗಿನಿಂದ ಕಾಫಿ ತಂದು, ಲೋಟ ಕುಕ್ಕಿ ಇಟ್ಟು ಹೋಗುತ್ತಿದ್ದರು.

ಈಸಿನೋಫಿಲ್ ಎಂಬ ಕಣ ಕೆಂಪು ಬಣ್ಣ ಹೀರಿಕೊಳ್ಳುತ್ತದೆ. "ಮದ್ವೆ ಮನೇಲಿ ಕೆಂಪು ಸೀರೆ ಕಂಡ್ರೆ ಬಾಯ್ ಬಿಡೋನು ಇವ್ನು. ಬೇಸೋಫಿಲ್‌ಗೆ ನೀಲಿ ಸೀರೆ ಬೇಕು. ಎರಡೂ ಬ್ಯಾಡ ಅಂತ ಊಟದ ಎಲೆ ಮುಂದೆ ಕೂತು ಕೆಲ್ಸ ಮಾಡೋನು ನ್ಯೂಟ್ರೋಫಿಲ್. ಕೀಟಾಣು ಬಂತಾ, ನುಂಗ್ತಾನೆ. ನುಂಗಿ ಸಾಯ್ತಾನೆ. ಹಂಗ್ ಸತ್ತೋರ ರಾಶಿಗೇ ಕೀವು ಅನ್ನೋದು."

ಕೀವಿನ ಬಗ್ಗೆ ಅವರು ಹೇಳಿದ ಒಂದು ಮಾತನ್ನು ಇಲ್ಲಿ ಬರೆಯಲೇಬೇಕು. ರೇಷ್ಮೆ ಬಿಚ್ಚುವ ಕೆಲಸದವನೊಬ್ಬ, ದಿನವಿಡೀ ಬಿಸಿನೀರಿನಲ್ಲಿ ರೇಷ್ಮೆಗೂಡಿನ ನಡುವೆ ಕೈಯಾಡಿಸಿ ಬೆರಳೆಲ್ಲ ಕೀವಾದವನು, ರಾಮನಗರದಿಂದ ಬಂದಿದ್ದ. ನಾನು ಮುಖ ತಿರುಗಿಸಿದೆ. ಮೇಷ್ಟ್ರು ಗದರಿಸಿದರು: "ಯಾಕಮ್ಮಿ ಮೂಗ್ ಮುರೀತೀಯ? ಕೀವು ಒಳ್ಳೆ ಸುದ್ದಿ. ಒಳಗಿರೋರು ಡ್ಯೂಟಿ ಮಾಡವ್ರೆ ಅಂತ. ಕುರು ಆಗಿ, ಬಾವು ಬಂದು, ಅದ್ರಲ್ಲಿ ಕೀವೇ ಇಲ್ಲ ಅಂದ್ರೆ ಮಾತ್ರ ಒಂದ್ ಗಳಿಗೆ ನಿಲ್ಬ್ಯಾಡ. ಓಡು. ಅದರ ಹೆಸ್ರು ಅಗ್ರಾನುಲೋಸೈಟೋಸಿಸ್. ಗ್ರಾನು ಅಂದ್ರೆ ಕಾಳು, ನ್ಯೂಟ್ರೋಫಿಲ್ ಹೊಟ್ಟೇಲಿ ರಾಗಿ ಚೆಲ್ಲಿದಂಗೆ ಇರ್ತದಲ್ಲ, ಅದು. ಮುಂದಿರೋ ಅ ಅಂದ್ರೆ ಇಲ್ಲ. ನ್ಯಾಯ, ಅನ್ಯಾಯ ಇದ್ದಂಗೆ."

ಇನ್ನು ಅವರ ಎಣಿಕೆ. ಅವರ ಬಳಿ ಹಳೆಯ ಕೈ ಕೌಂಟರ್ ಇತ್ತು, ಐದು ಕೀಲಿ, ಒಂದೊಂದು ಜಾತಿಯ ಬಿಳಿಕಣಕ್ಕೆ ಒಂದೊಂದು. ಸೂಕ್ಷ್ಮದರ್ಶಕದಲ್ಲಿ ಕಣ ಕಂಡಂತೆಲ್ಲ ಕೀಲಿ ಒತ್ತಬೇಕು. ಟಿಕ್ ಟಿಕ್. ಒಟ್ಟು ನೂರಾದಾಗ ಅದರೊಳಗಿನ ಪುಟ್ಟ ಗಂಟೆ ಟಿಣ್ ಎನ್ನುತ್ತದೆ. ಆಗ ಮೇಷ್ಟ್ರು, ಮೇಜಿಗೆ ಮರೆಯಾಗಿ ಕಟ್ಟಿದ್ದ ಪರದೆಯ ಹಿಂದಿನಿಂದ, "ಸೆಂಚುರಿ!" ಎಂದು ಕೂಗುವರು. ಬೆಂಚಿನ ಮೇಲೆ ಕಾದವರೆಲ್ಲ ನಗುವರು. ಗಂಟೆ ಬಡಿಯುವವರೆಗೆ ಕುರ್ಚಿ ಬಿಟ್ಟು ಏಳಬಾರದು, ಇದು ಅವರ ಕಟ್ಟಾಜ್ಞೆ. ಒಮ್ಮೆ ನಾನು ಎಂಬತ್ತಕ್ಕೇ ಎದ್ದೆನೆಂದು ಮೂರು ದಿನ ಮಾತು ಬಿಟ್ಟಿದ್ದರು.

ಅವರಿಗೆ ಇನ್ನೊಂದು ಹೆಸರೂ ಇತ್ತು, ಕಣ್ಣಲ್ಲೇ ಅಳೆಯುವವರು ಅಂತ. ಬಂದವರ ಕೆಳರೆಪ್ಪೆ ಒಂದಿಷ್ಟು ಜಗ್ಗಿ, "ಒಂಬತ್ತೂವರೆ" ಎನ್ನುವರು. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿದರೆ ಒಂಬತ್ತೂವರೆಯ ಆಚೀಚೆಯೇ ಇರುತ್ತಿತ್ತು. ಉಯ್ಯಂಬಳ್ಳಿ ಕಡೆಯಿಂದಲೂ ಮೊದಲ ಬಸ್ಸು ಹಿಡಿದು ಬರುತ್ತಿದ್ದ ಹೆಂಗಸರು, "ಸೂಜಿ ಯಾಕೆ ಬುಡಿ ಮೇಷ್ಟ್ರೇ, ಕಣ್ ನೋಡಿ ಬರ್ದ್‌ಕೊಟ್ಬುಡಿ" ಎಂದು ಗೋಗರೆಯುವರು. ಮೇಷ್ಟ್ರು ನಗುವರು. ನಾವು ಶಿಷ್ಯರೂ ಹೆಮ್ಮೆಯಿಂದ ನಗುತ್ತಿದ್ದೆವು. ನಮ್ಮ ಮೇಷ್ಟ್ರ ಕಣ್ಣು ಎಂಥದ್ದು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವರು ನಾವೇ. ಆ ಹೊಗಳಿಕೆ ಅವರನ್ನು ಎಲ್ಲಿಗೆ ತಂದು ನಿಲ್ಲಿಸಿತೆಂದು ನನ್ನ ತಂಗಿಯ ರಕ್ತದಲ್ಲಿ ನೋಡಿದೆ.

ತಂಗಿ ಸವಿತ ನನಗಿಂತ ಆರು ವರ್ಷ ಚಿಕ್ಕವಳು. ಬೊಂಬೆ ಮಾಡುವ ಕಾರ್ಖಾನೆಯಲ್ಲಿ ಕೆಲಸ. ತಿರುಗುವ ಮರಕ್ಕೆ ಅರಗು ಹಿಡಿದು, ತಾಳೆಗರಿ ಒತ್ತಿ ಹೊಳಪು ಕೊಡುತ್ತಾಳೆ. ದೊಡ್ಡಮಳೂರಿನ ನಮ್ಮ ಮನೆಯಲ್ಲಿ ಅವ್ವ, ನಾನು, ಅವಳು, ಮೂವರೇ. ಥೈರಾಯ್ಡ್ ಹೆಚ್ಚಾಗಿದೆಯೆಂದು ರಾಮನಗರದ ಡಾಕ್ಟರು ಅವಳಿಗೆ ಮಾತ್ರೆ ಕೊಟ್ಟು ಆರು ವಾರವಾಗಿತ್ತು. ಕೊಡುವಾಗಲೇ ಹೇಳಿದ್ದರು: ಈ ಮಾತ್ರೆಯಿಂದ ಎಲ್ಲೋ ಒಬ್ಬರಿಗೆ ಬಿಳಿಕಣ ಬಿದ್ದುಹೋಗುತ್ತದೆ. ಜ್ವರ, ಗಂಟಲುನೋವು ಬಂದರೆ ಮಾತ್ರೆ ನಿಲ್ಲಿಸಿ ಕೌಂಟ್ ಮಾಡಿಸಿ. ಸರಿಯಿದ್ದರೆ ಮುಂದುವರಿಸಿ, ಕಡಿಮೆಯಿದ್ದರೆ ಆ ಕ್ಷಣವೇ ಆಸ್ಪತ್ರೆಗೆ.

ಭಾನುವಾರ ಜ್ವರ ಬಂತು. ಸೋಮವಾರ ಅವಳನ್ನು ಕರೆದುಕೊಂಡು ಮಹಡಿ ಹತ್ತಿದೆ. ಬೆಂಚು ತುಂಬಿತ್ತು. ಮೇಷ್ಟ್ರು ನನ್ನನ್ನು ಕಂಡು ಅರಳಿದರು.

"ನಮ್ ಅಮ್ಮಿ ಬಂದವ್ಳೆ, ಒಸಿ ಜಾಗ ಬುಡ್ರಪ್ಪ. ಏನಮ್ಮಿ, ಮಕ್ಳಿಗೆ ಪಾಠ ಹೇಳಿ ಹೇಳಿ ಸೊರಗ್‌ಬುಟ್ಟಿದ್ದೀಯ?"

ತಾವೇ ರಕ್ತ ತೆಗೆದರು. ಸವಿತಳ ರೆಪ್ಪೆ ಜಗ್ಗಿ ನೋಡಿದರು. ಗಂಟಲಿಗೆ ಟಾರ್ಚ್ ಬಿಟ್ಟು, "ಏನಿಲ್ಲ, ಟಾನ್ಸಿಲ್ಸು" ಎಂದರು. ಪರದೆಯ ಹಿಂದೆ ಹೋದರು. ಸ್ವಲ್ಪ ಹೊತ್ತಿಗೆ ಟಿಕ್ ಟಿಕ್ ಟಿಕ್ ಶುರುವಾಯಿತು. ನಾನು ಬೆಂಚಿನ ಮೇಲೆ ಕೂತು ಕೇಳುತ್ತಿದ್ದೆ. ಒಂದೊಂದು ಟಿಕ್ಕಿಗೂ ನನ್ನ ಎದೆ ಹಗುರಾಯಿತು, ನನ್ನ ತಂಗಿಯ ಒಂದೊಂದು ಕಣವನ್ನೂ ಮೇಷ್ಟ್ರು ಎಣಿಸಿ ಜೋಪಾನ ಮಾಡುತ್ತಿದ್ದಾರೆ ಅನಿಸಿತು. ಟಿಣ್. "ಸೆಂಚುರಿ!"

ಬಿಳಿಕಣ ಏಳು ಸಾವಿರದ ಎಂಟುನೂರು. ನ್ಯೂಟ್ರೋಫಿಲ್ ನೂರಕ್ಕೆ ಅರವತ್ತೆರಡು. ಎಲ್ಲ ಸರಿ. ಹನ್ನೊಂದು ಹತ್ತು.

ಲೇಪ ಒಣಗಬೇಕು, ಬಣ್ಣ ಹಾಕಬೇಕು, ನೀರು ಬೆರೆಸಿ ಬಿಡಬೇಕು, ತೊಳೆದು ಮತ್ತೆ ಒಣಗಿಸಬೇಕು. ಬರೀ ಇದಕ್ಕೇ ಕಾಲು ಗಂಟೆ ಮೀರುತ್ತದೆ. ಎರಡು ವರ್ಷ ನಾನೇ ದಿನಕ್ಕೆ ಇಪ್ಪತ್ತು ಸಲ ಮಾಡಿದ ಕೆಲಸ. ನನಗೆ ಹೊಳೆಯಲಿಲ್ಲ. ಸಾಲು ಬಿಟ್ಟು ಬೇಗ ಮಾಡಿಕೊಟ್ಟರಲ್ಲ ಎಂದು ಕೈ ಮುಗಿದು ಬಂದೆ. ಅವತ್ತೇ ರಾತ್ರಿ ಊಟವಾದ ಮೇಲೆ ಮಾತ್ರೆಯನ್ನು ನಾನೇ ಸವಿತಳ ಅಂಗೈ ಮೇಲಿಟ್ಟೆ. ಮಂಗಳವಾರವೂ ಇಟ್ಟೆ. ಬುಧವಾರವೂ. ಗುರುವಾರವೂ.

ಬುಧವಾರ ಅವಳ ತೋರುಬೆರಳು ಊದಿತು. ಹಿಂದಿನ ವಾರ ಕೆಲಸದಲ್ಲಿ ಮರದ ಸಿಬಿರು ಉಗುರಿನ ಸಂದಿಗೆ ಚುಚ್ಚಿತ್ತಂತೆ. ಅವ್ವ ನೋಡಿ, "ಉಗುರುಸುತ್ತು ಕಣೇಳು, ನಾಕ್ ದಿನಕ್ಕೆ ಒಡ್ದೋಯ್ತದೆ" ಎಂದು ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ಟೋಪಿ ಹಾಕಿದ ಹಾಗೆ ಸಿಕ್ಕಿಸಿದಳು. ಮೇಷ್ಟ್ರ ಪುಸ್ತಕದಲ್ಲಿ ಅದಕ್ಕೆ ಪ್ಯಾರೋನೈಕಿಯಾ ಅಂತ ಹೆಸರು. ಜ್ವರ ಇಳಿಯಲಿಲ್ಲ. ನೀರು ನುಂಗಿದರೂ ಅಳುತ್ತಿದ್ದಳು. ಟಾನ್ಸಿಲ್ಸು, ಟಾನ್ಸಿಲ್ಸು ಎಂದು ನಾನೇ ಸಮಾಧಾನ ಹೇಳುತ್ತಿದ್ದೆ.

ಶುಕ್ರವಾರ ಬೆಳಿಗ್ಗೆ ಅವ್ವ ನಿಂಬೆಹಣ್ಣು ತೆಗೆದು ಬೆರಳನ್ನು ಕಿಟಕಿ ಬೆಳಕಿಗೆ ಹಿಡಿದಳು.

"ಇದೇನೇ ಇದು, ಒಂದ್ ಚೂರೂ ಕೀವಾಗಿಲ್ಲ? ಕಪ್ಪಿಟ್ಬುಟ್ಟೈತೆ."

ಸಾರಿನ ಸೌಟು ನನ್ನ ಕೈಯಲ್ಲಿತ್ತು. ಮೇಷ್ಟ್ರ ದನಿ ಕಿವಿಯ ಪಕ್ಕದಲ್ಲೇ ಕೇಳಿಸಿತು: ಒಂದ್ ಗಳಿಗೆ ನಿಲ್ಬ್ಯಾಡ. ಓಡು.

ಓಡಿದೆವು. ಬೆಂಗಳೂರಿನ ಹಾದಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಒಂದು ಗಂಟೆಯೊಳಗೆ ಲೆಕ್ಕ ಬಂತು. ಬಿಳಿಕಣ ಆರುನೂರು. ನ್ಯೂಟ್ರೋಫಿಲ್ ಸೊನ್ನೆ. ಅಲ್ಲಿಯ ಡಾಕ್ಟರಮ್ಮ ಗಾಜಿನ ಕೋಣೆಗೆ ಸವಿತಳನ್ನು ಸೇರಿಸಿ, ಮಾತ್ರೆ ನಿಲ್ಲಿಸಿ, ಹೊರಗೆ ಬಂದು ಸೋಮವಾರದ ರಿಪೋರ್ಟ್ ಹಿಡಿದು ನಿಂತರು.

"ಇದು ಕೆಲವು ಸಲ ಎರಡೇ ದಿನದಲ್ಲಿ ಬೀಳೋದೂ ಉಂಟು. ಸೋಮವಾರ ನಿಜವಾಗಿ ಸರಿಯಿತ್ತೋ ಇಲ್ಲವೋ ಗೊತ್ತಾಗಬೇಕು. ಆ ಸ್ಲೈಡ್ ಸಿಗುತ್ತಾ?"

"ಬದುಕ್ತಾಳಾ ಡಾಕ್ಟ್ರೇ?" ಅಂದಳು ಅವ್ವ.

"ಬಿಳಿಕಣ ವಾಪಸ್ ಬಂದರೆ ಬದುಕ್ತಾರೆ. ಬರಿಸೋಕೆ ಇಂಜೆಕ್ಷನ್ ಕೊಡ್ತಿದ್ದೀವಿ. ಕಾಯಬೇಕು."

ಶನಿವಾರ ಬೆಳಿಗ್ಗೆ ಮತ್ತೆ ಆ ಮಹಡಿ ಹತ್ತಿದೆ. ಬಸ್ಸಿನಲ್ಲಿ ಬರುವಾಗಲೇ ಕಾಲು ಗಂಟೆಯ ಲೆಕ್ಕ ಹೊಳೆದುಬಿಟ್ಟಿತ್ತು. ಮೇಷ್ಟ್ರು ಯಾರದೋ ರೆಪ್ಪೆ ಜಗ್ಗುತ್ತಿದ್ದರು. ನಾನು ಮಾತಾಡಿಸದೆ ಪರದೆ ಸರಿಸಿ ಒಳಗೆ ಹೋದೆ. ಸ್ಲೈಡುಗಳ ಮರದ ತಟ್ಟೆ ಎಲ್ಲಿರುತ್ತದೆಂದು ನನಗೆ ಗೊತ್ತು. ಸೋಮವಾರದ ಸಾಲು, ಸವಿತಳ ನಂಬರು. ಗಾಜಿನ ಮೇಲೆ ರಕ್ತ ಒಣಗಿ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ನೇರಳೆ ಇಲ್ಲ, ನೀಲಿ ಇಲ್ಲ. ಬಣ್ಣವನ್ನೇ ಹಾಕಿರಲಿಲ್ಲ. ಬಣ್ಣ ಹಾಕದ ಸ್ಲೈಡಿನಲ್ಲಿ ಬಿಳಿಕಣದ ಜಾತಿ ಯಾರಿಗೂ ಕಾಣುವುದಿಲ್ಲ.

"ಸೋಮವಾರ ನೀವು ಏನು ಎಣಿಸಿದಿರಿ ಸಾರ್?"

ಅವರು ಸ್ಲೈಡ್ ನೋಡಿದರು, ನನ್ನನ್ನು ನೋಡಿದರು. "ಹುಡ್ಗಿ ಎಂಗವ್ಳೆ?" ಎಂದರು.

"ಸೊನ್ನೆ ಇದ್ದಾಳೆ. ಏನು ಎಣಿಸಿದಿರಿ?"

"ನಿನ್ ತಂಗಿ, ಕಾಯ್ಸೋದ್ ಬ್ಯಾಡ ಅಂತ... ಕಣ್ ನೋಡ್ದೆ, ಗಂಟ್ಲು ನೋಡ್ದೆ. ಈ ವಯಸ್ನೋರ್ಗೆ ಏಳೋ ಎಂಟೋ ಸಾವ್ರ ಇದ್ದೇ ಇರ್ತದೆ ಕಣಮ್ಮಿ."

"ಮತ್ತೆ ಟಿಕ್ ಟಿಕ್ ಯಾಕೆ ಮಾಡಿದಿರಿ? ಲೆನ್ಸ್ ಕೆಳಗೆ ಏನೂ ಇಲ್ಲದೆ?"

ಅವರು ನೀಲಿ ಹೆಬ್ಬೆಟ್ಟನ್ನು ಶರಟಿಗೆ ಉಜ್ಜಿಕೊಂಡರು.

"ಆಚೆ ನೀ ಕೂತಿದ್ದಲ್ಲ. ನಿಂಗೆ ಕೇಳ್ಲಿ ಅಂತ."

ಬಸ್ಸಿನಲ್ಲಿ ಬರುವಾಗ ಚೀರಾಡಬೇಕು, ಗಾಜುಗಳನ್ನೆಲ್ಲ ನೆಲಕ್ಕೆ ಅಪ್ಪಳಿಸಬೇಕು ಎಂದುಕೊಂಡಿದ್ದೆ. ಈ ಉತ್ತರ ಕೇಳಿದ ಮೇಲೆ ಅದೆಲ್ಲ ಸಾಲದು ಅನಿಸಿತು. ಬಣ್ಣದ ಬಾಟಲಿ ತೆಗೆದೆ. ಅವರು ಕಲಿಸಿದ ಹಾಗೆಯೇ, ಹನಿ ಹನಿಯಾಗಿ, ಸವಿತಳ ಸ್ಲೈಡಿಗೆ ಹಾಕಿದೆ. ಗಡಿಯಾರ ನೋಡಿದೆ. ನೀರು ಬೆರೆಸಿ ಊದಿದೆ. ಕಾದೆ. ಬೆಂಚಿನವರೆಲ್ಲ ಎದ್ದು ಬಂದು ಪರದೆಯ ಬಳಿ ನಿಂತಿದ್ದರು. ಕನಕಪುರ ಕಡೆಯ ಮುದುಕಿಯೊಬ್ಬಳು, "ಏನವ್ವ, ನೀನೂ ಡಾಕ್ಟ್ರಾ?" ಎಂದಳು.

"ಅಲ್ಲಜ್ಜಿ. ಇವರ ಸ್ಟೂಡೆಂಟು."

ಹದಿನೇಳು ನಿಮಿಷ ಹಿಡಿಯಿತು. ಹಳೆಯ ಲೇಪವಾದ್ದರಿಂದ ಹಿನ್ನೆಲೆ ಕೊಂಚ ನೀಲಿ ಹೊಡೆದಿತ್ತು, ಆದರೂ ಓದಬಹುದಿತ್ತು. ಪರದೆಯನ್ನು ಪೂರ್ತಿ ಸರಿಸಿ, ಕುರ್ಚಿ ಎಳೆದು, ಕೌಂಟರನ್ನು ಸೊನ್ನೆಗೆ ತಿರುಗಿಸಿ ಅವರ ಎಡಗೈ ಹತ್ತಿರ ಇಟ್ಟೆ.

"ಎಣಿಸಿ ಸಾರ್. ಗಂಟೆ ಬಡಿಯೋವರೆಗೆ ಏಳಬೇಡಿ."

ಕೂತರು. ಈಗ ಕೆಲವರು ಹೇಳುತ್ತಾರೆ, ವಯಸ್ಸಾಗಿತ್ತು ಪಾಪ, ಕಣ್ಣು ಮಂಜಾಗಿತ್ತೇನೋ ಎಂದು. ಆ ನೆಪವನ್ನು ನಾನು ಅವರಿಗೆ ಕೊಡುವುದಿಲ್ಲ. ಪಕ್ಕದಲ್ಲೇ ನಿಂತು ನೋಡಿದ್ದೇನೆ. ಕನ್ನಡಕವಿಲ್ಲದೆ, ಬೆರಳು ನಡುಗದೆ, ಸ್ಲೈಡನ್ನು ಒಂದು ಸಾಲೂ ಬಿಡದೆ ಉಳುಮೆ ಮಾಡಿದ ಹಾಗೆ ಸರಿಸಿದರು. ಅಷ್ಟು ಚೆಂದದ ಕೆಲಸವನ್ನು ಅವರಲ್ಲಿ ಬಿಟ್ಟು ಬೇರೆ ಯಾರಲ್ಲೂ ಕಂಡಿಲ್ಲ. ಸೋಮವಾರ ಅದನ್ನು ಮಾಡಲು ಬೇಕಾದ್ದೆಲ್ಲ ಅವರ ಬಳಿ ಇತ್ತು.

ಟಿಕ್. ಬಹಳ ಹೊತ್ತು ಏನೂ ಇಲ್ಲ. ಟಿಕ್. ಮತ್ತೆ ಏನೂ ಇಲ್ಲ. ನಾಲ್ಕು ನಿಮಿಷದಲ್ಲಿ ಆಗುತ್ತಿದ್ದ ನೂರು ಅವತ್ತು ಒಂದು ಗಂಟೆ ನಲವತ್ತು ನಿಮಿಷ ತೆಗೆದುಕೊಂಡಿತು. ಹೆಂಡತಿ ಕಾಫಿ ತಂದು, ನಮ್ಮಿಬ್ಬರ ಮುಖ ನೋಡಿ, ಲೋಟವನ್ನು ಸದ್ದಾಗದಂತೆ ಇಟ್ಟು ಹೋದರು. ಅದು ಹಾಗೇ ಆರಿತು. ಎಲ್ಲಾ ಸದ್ದೂ ಬೇರೆ ಕೀಲಿಗಳಿಂದಲೇ, ಹೆಚ್ಚಿನವು ಲಿಂಫೋಸೈಟಿನದು. ನ್ಯೂಟ್ರೋಫಿಲ್ ಕೀಲಿಯ ಮೇಲಿಟ್ಟ ಬೆರಳು ಒಮ್ಮೆಯೂ ಕೆಳಗಿಳಿಯಲಿಲ್ಲ.

ಟಿಣ್ ಎಂದಿತು. ಅವರು ಸೆಂಚುರಿ ಅನ್ನಲಿಲ್ಲ.

ರಿಪೋರ್ಟ್ ಬರೆಸಿದೆ. ಎರಡೂ ಸಮಯ ಬರೆಸಿದೆ, ಸಹಿ ಹಾಕಿಸಿದೆ. "ಈಗ ಓದಿ" ಎಂದೆ. ಓದಿದರು. ಕೊನೆಗೆ ಆ ಉದ್ದನೆಯ ಪದ ಬಂತು, ಅಗ್ರಾನುಲೋಸೈಟೋಸಿಸ್.

"ಹಂಗಂದ್ರೇನು ಮೇಷ್ಟ್ರೇ?" ಮುದುಕಿ ಕೇಳಿದಳು.

"ಒಸಿ ಹುಷಾರಿಲ್ಲ ಅಂತ ಕಣವ್ವ."

"ಸರಿಯಾಗಿ ಹೇಳಿ ಸಾರ್," ಅಂದೆ. "ಮುರಿದು ಹೇಳಿ. ನನಗೆ ಹೇಳಿಕೊಟ್ಟ ಹಾಗೆ."

ಬೆಂಚಿನವರೆಲ್ಲ ನೋಡುತ್ತಿದ್ದರು. ಅವರು ಎದ್ದು ನಿಂತರು.

"ಗ್ರಾನು ಅಂದ್ರೆ ಕಾಳು. ಅ ಅಂದ್ರೆ ಇಲ್ಲ. ಸೋಮ್ವಾರಾನೇ ಇರ್ಲಿಲ್ಲ. ನಾನು ನೋಡ್ಲಿಲ್ಲ."

ಬೆಂಚಿನ ಮೇಲಿದ್ದವರಲ್ಲಿ ಇಬ್ಬರು ಅಲ್ಲಿಂದಲೇ ಚಪ್ಪಲಿ ಮೆಟ್ಟಿ ಇಳಿದುಹೋದರು. ಮುದುಕಿ ಸೂಜಿಗೆಂದು ಚಾಚಿದ್ದ ತನ್ನ ತೋಳನ್ನು ಮೆಲ್ಲಗೆ ಸೆರಗಿನೊಳಕ್ಕೆ ಎಳೆದುಕೊಂಡಳು. ಮೇಷ್ಟ್ರು ಅದನ್ನು ನೋಡಿದರು. ನೋಡಲಿ ಎಂದೇ ನಾನು ನಿಂತಿದ್ದೆ. ನನಗೆ ಸಂತೋಷವಾಯಿತು; ಇದನ್ನು ಮುಚ್ಚಿಡುವುದಿಲ್ಲ.

ಆಮೇಲೆ ಮೇಷ್ಟ್ರು ಆ ಪರದೆಯನ್ನೇ ತೆಗೆಸಿದರಂತೆ. ಕೊನೆಯವರೆಗೂ ಎಲ್ಲರ ಎದುರಿಗೇ ಎಣಿಸುತ್ತಿದ್ದರಂತೆ, ರೆಪ್ಪೆ ಜಗ್ಗುವುದನ್ನು ಬಿಟ್ಟರಂತೆ. "ಇದನ್ನೂ ಬರೀರಿ ಅಕ್ಕ, ಅವ್ರ ದೊಡ್ಡತನ" ಎಂದ ಮಾಗಡಿಯವನು. ಬರೆದಿದ್ದೇನೆ. ಆದರೆ ಅಲ್ಲಿ ಪರದೆ ಕಟ್ಟಿದ್ದು ಯಾರು? ಅದರ ಹಿಂದಿನ ಟಿಕ್ ಟಿಕ್ ಕೇಳಿ ಕೈಮುಗಿದು ಮನೆಗೆ ಹೋದವರಲ್ಲಿ ಯಾರ ಯಾರ ಬೆರಳು ಕಪ್ಪಿಟ್ಟಿತೋ, ಅವರಿಗೆಲ್ಲ ಮೇಷ್ಟ್ರ ಕೀವಿನ ಮಾತು ಗೊತ್ತಿತ್ತೇ?

ನನಗೆ ಗೊತ್ತಿತ್ತು. ಇದೇ ನನ್ನನ್ನು ಸುಡುವುದು. ಸವಿತಳನ್ನು ಸಾವಿನ ಬಾಯಿಗೆ ತಳ್ಳಿದ್ದು ಅವರ ಸುಳ್ಳು, ಹಿಂದಕ್ಕೆ ಎಳೆದದ್ದು ಅವರ ಪಾಠ. ಎರಡನ್ನೂ ತಕ್ಕಡಿಯಲ್ಲಿಟ್ಟು ಸಮ ಮಾಡಿಬಿಡು ಎಂದು ಅವ್ವ ಹೇಳುತ್ತಾಳೆ. ನಾನು ಮಾಡುವುದಿಲ್ಲ.

ಆ ಶನಿವಾರದಿಂದ ಅವರು ದಿನವೂ ಫೋನ್ ಮಾಡಿದರು. ನಾನು ಎತ್ತಲಿಲ್ಲ. ದನಿ ಸಂದೇಶ ಕಳಿಸಿದರು: "ಅಮ್ಮೀ, ಬೆರ್ಳಲ್ಲಿ ಕೀವು ಬಂತಾ? ಅದೊಂದ್ ಹೇಳ್ಬುಡು ಸಾಕು."

ಗಾಜಿನ ಕೋಣೆಯ ಹೊರಗೆ ನಾನೂ ಅವ್ವನೂ ಸರದಿಯಲ್ಲಿ ಎಚ್ಚರವಿದ್ದೆವು. ಸರದಿ ಮುಗಿದು ಮಲಗಿದರೂ ಟಿಕ್ ಟಿಕ್ ಕೇಳಿಸಿ ಎದ್ದು ಕೂರುತ್ತಿದ್ದೆ. ದಿನಾ ಬೆಳಿಗ್ಗೆ ಸೊನ್ನೆ, ಸೊನ್ನೆ. ಮರುವಾರದ ಭಾನುವಾರ ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ನರ್ಸು ಬೆರಳಿನ ಬಟ್ಟೆ ಬಿಚ್ಚುವಾಗ ಅವ್ವ ಕಿರುಚಿದಳು.

"ಕೀವು ಕಣೇ! ಕೀವು ಬಂತು ಕಣೇ!"

ಉಗುರಿನ ಅಂಚಿನಲ್ಲಿ ಹಳದಿ ಹನಿ. ನಾನು ಗಾಜಿಗೆ ಹಣೆ ಒತ್ತಿ ಅತ್ತೆ. ಡಾಕ್ಟರಮ್ಮ ಬಂದು ನೋಡಿ, ಆಗಷ್ಟೇ ಬಂದ ಲೆಕ್ಕದಲ್ಲಿ ನ್ಯೂಟ್ರೋಫಿಲ್ ಕಾಣಿಸಿಕೊಂಡಿದೆ ಎಂದರು. ವಾರದಿಂದ ಮಾತಾಡದಿದ್ದ ಸವಿತ ಗೊಗ್ಗರು ದನಿಯಲ್ಲಿ, "ಥೂ, ಕೀವಿಗೆ ಯಾರಾದ್ರೂ ಹಿಂಗ್ ಕುಣೀತಾರೇನವ್ವ?" ಎಂದಳು.

ಅಷ್ಟರಲ್ಲಿ ಫೋನ್ ನಡುಗಿತು. ಮೇಷ್ಟ್ರು. ಒಂದು ಹನಿ ಕೀವಿಗೆ ನಾನು ಯಾಕೆ ಅಳುತ್ತಿದ್ದೇನೆಂದು ಬಿಡಿಸಿ ಹೇಳದೆಯೇ ಅರ್ಥವಾಗುತ್ತಿದ್ದ ಮನುಷ್ಯ ನಾನು ಬಲ್ಲವರಲ್ಲಿ ಅವರೊಬ್ಬರೇ. ಒಂದು ಪದ ಸಾಕಿತ್ತು. ನಾನು ಕೊಡಲಿಲ್ಲ. ಸವಿತ ಮನೆಗೆ ಬಂದಳೆಂದು ಮುಂದೆ ಅವರಿಗೆ ಯಾರ್‍ಯಾರಿಂದಲೋ ತಿಳಿಯಿತು. ಆದರೆ ಕೊನೆಯ ದಿನಗಳಲ್ಲೂ, "ಆ ಹುಡ್ಗೀಗೆ ಕೀವು ಯಾವತ್ತು ಬಂತು, ಕೇಳ್ಲಾ" ಎನ್ನುತ್ತಿದ್ದರಂತೆ. ಜ್ವರದಲ್ಲಿ ಏನೋ ಬಡಬಡಿಸುತ್ತಿದ್ದಾರೆ ಎಂದುಕೊಂಡೆವು ಎಂದ ಮಾಗಡಿಯವನು. ನಾನು ಅವನಿಗೂ ಹೇಳಲಿಲ್ಲ. ಈಗ ಅಚ್ಚಾಗಲಿ: ಭಾನುವಾರ, ಮೂರು ಇಪ್ಪತ್ತು.

ಅವತ್ತು ಫೋನ್ ನಡುಗಿ ನಡುಗಿ ತಾನೇ ನಿಂತಿತು. ಮಗುಚಿ ಇಟ್ಟೆ. ಕತ್ತಲಾದ ಮೇಲೆ ಅವ್ವ ಚಾಪೆ ಹಾಸಿ, "ಇವತ್ತು ಸರದಿ ಬ್ಯಾಡ, ಇಬ್ರೂ ಮನೀಕಳವ" ಎಂದಳು. ಅವಳ ಪಕ್ಕದಲ್ಲಿ ಉರುಳಿಕೊಂಡೆ. ಟಿಕ್ ಟಿಕ್ ಬರುತ್ತದೆಂದು ಕಾದೆ. ಬರಲಿಲ್ಲ. ಬೆಳಿಗ್ಗೆ ಆರೂವರೆಗೆ ನೆಲ ಗುಡಿಸುವವಳು ಕಾಲಿಗೆ ಪೊರಕೆ ತಾಗಿಸಿ ಎಬ್ಬಿಸುವವರೆಗೂ ಇಬ್ಬರಿಗೂ ಎಚ್ಚರವಾಗಲಿಲ್ಲ.